ಸೂಜಿ ಆಂಟಿ ಬಂದ ಮಧ್ಯಾಹ್ನ

ದೆವ್ವ-ಭೂತದ ಮಾತು ಬಂದಾಗ ನಾನು ಯಾವಾಗಲೂ ನಗುವವರ ಸಾಲಿನಲ್ಲಿ ಕೂತವಳು. ನರ್ಸ್ ಕೆಲಸ ಮಾಡಿದವರಿಗೆ ಆ ಧೈರ್ಯ ತಾನಾಗಿ ಬರುತ್ತದೆ. ತರಬೇತಿಯ ದಿನಗಳಲ್ಲೇ ಹೆಣದ ಕೋಣೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ್ದೇನೆ. ಸತ್ತವರ ಕಣ್ಣು ಮುಚ್ಚಿಸಿ, ಕೈ ತೊಳೆದು, ಕ್ಯಾಂಟೀನಿಗೆ ಹೋಗಿ ಬನ್ಸ್ ತಿಂದಿದ್ದೇನೆ. ಜೊತೆಯವರು ಯಾರಾದರೂ "ಆ ಮೂಲೆಯ ಹಾಸಿಗೆ ಸರಿ ಇಲ್ಲ ಮಾರಾಯ್ತಿ, ಅಲ್ಲಿ ಮಲಗಿದವರೆಲ್ಲ ಯಾರನ್ನೋ ಕಂಡ ಹಾಗೆ ಮಾತಾಡ್ತಾರೆ" ಎಂದರೆ, "ಜ್ವರ ಇಳಿಸು, ಮಾತು ತಾನೇ ನಿಲ್ತದೆ" ಎನ್ನುತ್ತಿದ್ದೆ. ಈಗಲೂ ನಾನು ದೊಡ್ಡ ನಂಬಿಕೆಯವಳೇನಲ್ಲ. ಆದರೆ ನಗುವವರ ಸಾಲಿನಿಂದ ಎದ್ದು ಬಂದು ಕೆಲವು ವರ್ಷಗಳಾದವು. ಎಲ್ಲಿ ಕೂರಬೇಕೆಂದು ಗೊತ್ತಾಗದೆ ಇನ್ನೂ ನಿಂತೇ ಇದ್ದೇನೆ.

ಹೇಳಹೊರಟಿರುವುದು ಒಂದು ಗುಮ್ಮನ ವಿಷಯ. ಗುಮ್ಮ ಅಂದರೆ ಎಲ್ಲರಿಗೂ ಗೊತ್ತು, ಕಂಡವರು ಮಾತ್ರ ಯಾರೂ ಇಲ್ಲ. ನಾವು ಚಿಕ್ಕವರಿದ್ದಾಗ ಗೋಣಿಚೀಲದವನು ಬರುತ್ತಿದ್ದ. ಎಲ್ಲಾದರೂ ಹೊಳೆಗೆ ಸೇತುವೆ ಕಟ್ಟುವ ಸುದ್ದಿ ಬಂದರೆ ಸಾಕು, ಕಂಬ ನಿಲ್ಲಲು ಮಕ್ಕಳ ತಲೆ ಬೇಕಂತೆ ಎಂದು ಹೇಳಿ ಕತ್ತಲಾಗುವ ಮೊದಲೇ ನಮ್ಮನ್ನು ಒಳಗೆ ಹಾಕುತ್ತಿದ್ದರು. ನನಗೆ ಮಾತು ಕಲಿಸಿದ್ದು ಅಜ್ಜಿ. ಅವಳ ಗುಮ್ಮನಿಗೆ ಒಂದು ಕಟ್ಟಳೆ ಇತ್ತು. ನಾನು ಊಟಕ್ಕೆ ಹಟ ಮಾಡಿದರೆ ಕಿಟಕಿಯ ಕಡೆ ತಿರುಗಿ "ಬಾ ಗುಮ್ಮ" ಎಂದು ಕರೆಯುವಳು. ನಾನು ಉಂಡು ಮುಗಿಸಿದ ಮೇಲೆ ತಟ್ಟೆಯಲ್ಲಿ ಉಳಿದ ಅಗುಳನ್ನೆಲ್ಲ ಒಂದು ಚಿಕ್ಕ ಉಂಡೆ ಮಾಡಿ, ಅದೇ ಕಿಟಕಿಯಿಂದ ಹೊರಗೆ ಎಸೆದು, "ಮಗು ಉಂಡಿತು, ನೀನೂ ಉಂಡು ಹೋಗು" ಎನ್ನುವಳು. ಒಂದು ದಿನವೂ ತಪ್ಪಿಸಿದ್ದಿಲ್ಲ. "ಕರೆಯದೆ ಇದ್ದರೂ ನಡೀತದೆ, ಕರೆದ ಮೇಲೆ ಕಳಿಸದೆ ಇರಬಾರದು" ಎಂಬುದು ಅವಳ ಮಾತು. ಕಾಗೆಗೆ ಅನ್ನ ಹಾಕಲು ಮುದುಕಿ ಕಂಡುಕೊಂಡ ನೆಪ ಇದು ಎಂದುಕೊಂಡು ನಾನು ಸುಮ್ಮನಿದ್ದೆ.

ಊರು ಬದಲಾದರೆ ಗುಮ್ಮನೂ ಬದಲಾಗುತ್ತಾನೆ. ಅಲ್ ಐನ್‌ಗೆ ನರ್ಸ್ ಕೆಲಸಕ್ಕೆ ಬಂದ ಮೇಲೆ ನೋಡಿದೆ, ಈ ಕೊಲ್ಲಿ ದೇಶದಲ್ಲಿ ದೊಡ್ಡವರಿಗೂ ಗುಮ್ಮ ಇದ್ದಾನೆ. ಅಂಗಡಿಯಲ್ಲಿ ದುಡಿಯುವವನಿಗೆ ಮುದೀರ್, ಅಂದರೆ ಮ್ಯಾನೇಜರು. ದುಬೈ ಬಂದರಿನ ಜೆಬೆಲ್ ಅಲಿಯ ಗೋದಾಮಿನವನಿಗೆ 'ವೀಸಾ ಕ್ಯಾನ್ಸಲ್' ಎಂಬ ಎರಡು ಶಬ್ದ. ಒಂದು ವಿಲ್ಲಾವನ್ನು ಕಾಯಿದೆ ಮೀರಿ ತುಂಡು ತುಂಡು ಮಾಡಿ ಮೂರು ನಾಲ್ಕು ಸಂಸಾರ ವಾಸವಾಗಿರುವ ನಮ್ಮಂಥವರಿಗೆ ಮುನಿಸಿಪಾಲಿಟಿಯ ಕಾರು. ನರ್ಸ್‌ಗಳಿಗೆ ಲೈಸೆನ್ಸ್. ನಮ್ಮ ವಾರ್ಡಿನಲ್ಲಿ ಒಮ್ಮೆ ಒಬ್ಬ ಸ್ಥಳೀಯ ಅಜ್ಜಿ ದಾಖಲಾಗಿದ್ದರು. ಅವರ ಬಾಲ್ಯದಲ್ಲಿ ಮಧ್ಯಾಹ್ನ ಬಿಸಿಲಿಗೆ ಮಕ್ಕಳು ಹೊರಗೆ ಹೋಗದಿರಲೆಂದು ಒಂದು ಹೆಣ್ಣುಕತ್ತೆಯ ಹೆಸರು ಹೇಳಿ ಹೆದರಿಸುತ್ತಿದ್ದರಂತೆ. ಅರ್ಧ ಹೆಂಗಸು, ಅರ್ಧ ಕತ್ತೆ. ಸೂರ್ಯ ನೆತ್ತಿಗೆ ಬಂದಾಗ ಮಾತ್ರ ತಿರುಗುವಂಥದ್ದು. "ಈಗ ಮಕ್ಕಳಿಗೆ ಏಸಿ ಉಂಟು, ಹೊರಗೇ ಹೋಗುವುದಿಲ್ಲ. ಕತ್ತೆಗೆ ಕೆಲಸ ಇಲ್ಲ, ಖಲಾಸ್" ಎಂದು ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕಿದ್ದರು. ರಾತ್ರಿಗೆ ಹೆದರುವ ನಾಡಿನಿಂದ ಬಂದ ನನಗೆ ಮಧ್ಯಾಹ್ನದ ಗುಮ್ಮ ಹೊಸದಾಗಿತ್ತು.

ನಾವಿದ್ದದ್ದು ಹಳೆಯ ಎರಡು ಮಹಡಿಯ ವಿಲ್ಲಾ. ಮೇಲೆ ನನ್ನದೊಂದು ಕೋಣೆ, ಅಡುಗೆಗೆ ಸ್ವಲ್ಪ ಜಾಗ, ಹೊರಗಿನಿಂದಲೇ ಮೆಟ್ಟಿಲು. ಗಂಡ ಅಬುಧಾಬಿಯ ಖಾಲಿದಿಯಾದಲ್ಲಿ ಕಚೇರಿ ಕೆಲಸದಲ್ಲಿದ್ದು ಗುರುವಾರ ಸಂಜೆ ಬಂದು, ಶುಕ್ರವಾರ ಪೂಜೆ ಮುಗಿಸಿ, ಶನಿವಾರ ಹೋಗುವವರು. ಕೆಳಗೆ ಅಂಗಳಕ್ಕೆ ಬಾಗಿಲಿರುವ ಎರಡು ಕೋಣೆಗಳಲ್ಲಿ ಪುತ್ತೂರು ಕಡೆಯ ಸುಜಾತ, ರಮೇಶ ಮತ್ತು ಅವರ ಐದು ವರ್ಷದ ಮಗಳು ಅನ್ವಿ ಇದ್ದರು. ರಮೇಶನಿಗೆ ಸೂಪರ್‌ಮಾರ್ಕೆಟ್‌ನಲ್ಲಿ ಕೆಲಸ. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಮನೆ, ಬಿಸಿಲು ಇಳಿದ ಮೇಲೆ ಇನ್ನೊಂದು ಪಾಳಿ. ಹುಡುಗಿ ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಊಟದ ವಿಷಯದಲ್ಲಿ ಮಾತ್ರ ಯಾವ ಭಾಷೆಯಲ್ಲೂ ಬಗ್ಗದವಳು.

ಒಂದು ದಿನ ನಾನು ಡ್ಯೂಟಿ ಮುಗಿಸಿ ಮೆಟ್ಟಿಲು ಹತ್ತುವಾಗ ಸುಜಾತ ಓಡಿಬಂದಳು.

"ಅಕ್ಕ, ಒಮ್ಮೆ ಬಂದು ಬಾಗಿಲಲ್ಲಿ ನಿಲ್ಲಿ. ಎಂತ ಹೇಳುದೂ ಬೇಡ. ಈ ಡ್ರೆಸ್ಸಲ್ಲಿ ನಿಂತ್ರೆ ಸಾಕು. ಇವಳಿಗೆ ಒಂದು ತುತ್ತು ತಿನ್ನಿಸುದ್ರಲ್ಲಿ ನನ್ನ ಜೀವ ಹೋಗ್ತದೆ."

"ನಾನೆಂತ ದೃಷ್ಟಿಬೊಂಬೆಯಾ ಮಾರಾಯ್ತಿ?"

"ದೃಷ್ಟಿಬೊಂಬೆಗೆ ಇವಳು ಹೆದರುದಿಲ್ಲ ಅಕ್ಕ. ನಿಮಗಾದ್ರೆ ಹೆದರ್ತಾಳೆ. ಹೋದ ಸಲ ಜ್ವರಕ್ಕೆ ಸೂಜಿ ಚುಚ್ಚಿಸಿದ್ದು ಇನ್ನೂ ಮರೆತಿಲ್ಲ."

ನನಗೂ ತಮಾಷೆ ಅನಿಸಿತು. ನಿಂತೆ. ಹುಡುಗಿ ನನ್ನ ನೀಲಿ ಅಂಗಿ ನೋಡಿದ್ದೇ ಬಾಯಿ ತೆರೆದಳು, ತುತ್ತು ಒಳಗೆ ಹೋಯಿತು. ಸುಜಾತ ಗೆದ್ದವಳ ಹಾಗೆ ನನ್ನ ಕಡೆ ಕಣ್ಣು ಹೊಡೆದಳು. ಮೊದಮೊದಲು ನಾನು ನಿಲ್ಲಬೇಕಿತ್ತು. ಆಮೇಲೆ ನಿಲ್ಲುವುದೂ ಬೇಡವಾಯಿತು, ಹೆಸರೇ ಸಾಕಾಯಿತು. ಮೇಲೆ ನನಗೆ ಕೇಳುತ್ತಿತ್ತು: "ಉಣ್ತೀಯಾ, ಸೂಜಿ ಆಂಟಿಯನ್ನು ಕರೀಬೇಕಾ?" "ನಿದ್ರೆ ಮಾಡು, ಸೂಜಿ ಆಂಟಿ ಬಂದಾಯ್ತು ನೋಡು." ನಾನು ಚಾಕೊಲೇಟ್ ತಂದುಕೊಟ್ಟೆ, ಕೆಳಗೆ ಕೂತು ಕತೆ ಹೇಳಿದೆ, ಬೊಂಬೆಗೆ ಬ್ಯಾಂಡೇಜ್ ಸುತ್ತಿದೆ. ಹುಡುಗಿಗೆ ನನ್ನ ಮೇಲೆ ಪ್ರೀತಿಯೇ ಬಂತು. ನನ್ನನ್ನು 'ನರ್ಸ್ ಆಂಟಿ' ಎಂದು ಕರೆಯತೊಡಗಿದಳು. ಆದರೆ ತಾಯಿ 'ಸೂಜಿ ಆಂಟಿ' ಎಂದ ಕೂಡಲೇ ಪರದೆಯ ಹಿಂದೆ ಓಡುವುದು ಮಾತ್ರ ನಿಲ್ಲಲಿಲ್ಲ, ಆ ಹೊತ್ತಿಗೆ ನಾನು ಅವಳ ಪಕ್ಕದಲ್ಲೇ ಕೂತಿದ್ದರೂ.

ಆ ವರ್ಷ ಬೇಸಿಗೆಯ ಮೊದಲು ಹುಡುಗಿ ಇಳಿದುಹೋದಳು. ಒಂದೇ ಸಮನೆ ನೀರು ಕೇಳುವುದು, ಹಾಸಿಗೆ ಒದ್ದೆ ಮಾಡುವುದು. ಸುಜಾತ ಸೆಖೆ ಎಂದುಕೊಂಡಿದ್ದಳು. ನನಗೆ ಅನುಮಾನ ಬಂದು ನಾನೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಸಕ್ಕರೆ ಕಾಯಿಲೆ. ಮುದುಕರಿಗೆ ಬರುವಂಥದ್ದಲ್ಲ, ಮಕ್ಕಳಿಗೆ ಬರುವ ಬಗೆ. ಮಾತ್ರೆಯಿಂದ ಆಗುವುದಿಲ್ಲ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಬೇಕು, ಇರುವಷ್ಟು ಕಾಲವೂ. ಡಾಕ್ಟರು ಹೇಳುತ್ತಿದ್ದಾಗ ಸುಜಾತ ಅವರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. ಮನೆಗೆ ಬರುವ ದಾರಿಯಲ್ಲಿ ಟ್ಯಾಕ್ಸಿಯಲ್ಲಿ ಮೆಲ್ಲಗೆ ಹೇಳಿದಳು: "ನಾನು ಕರೆದು ಕರೆದು ಬಂತು ಅಕ್ಕ."

"ಹುಚ್ಚಿ ಹಾಗೆ ಮಾತಾಡಬೇಡ. ಗುಮ್ಮನಿಂದ ಸಕ್ಕರೆ ಕಾಯಿಲೆ ಬರುದಾದ್ರೆ ನಮ್ಮೂರಲ್ಲಿ ಒಬ್ಬರೂ ಉಳೀತಿರಲಿಲ್ಲ" ಎಂದು ಗದರಿದೆ.

ಸೂಜಿ ಹಿಡಿದರೆ ಸುಜಾತಳ ಕೈ ನಡುಗುತ್ತಿತ್ತು. ಹಾಗಾಗಿ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು ನಾನು, ಮಧ್ಯಾಹ್ನ ಊಟಕ್ಕೆ ಬಂದಾಗ ರಮೇಶ, ರಾತ್ರಿ ಊಟಕ್ಕೊಮ್ಮೆ, ಮಲಗುವಾಗೊಮ್ಮೆ ಮತ್ತೆ ನಾನು ಎಂದು ಏರ್ಪಾಡಾಯಿತು. ಮೊದಲ ವಾರಗಳು ಹೇಗೆ ಕಳೆದವೋ ದೇವರೇ ಬಲ್ಲ. ಹುಡುಗಿ ಮಂಚದ ಕೆಳಗೆ ಹೋಗಿ ಸೇರುವುದು, ನಾವು ಕಾಲು ಹಿಡಿದು ಎಳೆಯುವುದು. ಒಂದು ಬೆಳಿಗ್ಗೆ ನಾನು ತೊಡೆಗೆ ಸೂಜಿ ತಾಗಿಸಬೇಕು, ಅಷ್ಟರಲ್ಲಿ ಅವಳನ್ನು ಅಪ್ಪಿ ಹಿಡಿದಿದ್ದ ಸುಜಾತ ಅಭ್ಯಾಸಬಲದಿಂದ, "ಅಲ್ಲಾಡಬೇಡ ಪುಟ್ಟಿ, ಸೂಜಿ ಆಂಟಿ ಬರ್ತಾರೆ!" ಎಂದುಬಿಟ್ಟಳು.

"ಸೂಜಿ ಹಿಡ್ಕೊಂಡು ನಾನು ಇಲ್ಲೇ ಕೂತಿದ್ದೇನೆ. ಇನ್ನು ಯಾವ ಆಂಟಿ ಬರುದು ಮಾರಾಯ್ತಿ?" ಎಂದೆ.

ಸುಜಾತ ನಾಲಿಗೆ ಕಚ್ಚಿಕೊಂಡಳು. ಇಬ್ಬರೂ ನಕ್ಕೆವು. ಹುಡುಗಿ ನಗಲಿಲ್ಲ. ನನ್ನನ್ನೂ ನೋಡಲಿಲ್ಲ, ಕೈಯ ಸೂಜಿಯನ್ನೂ ನೋಡಲಿಲ್ಲ. ಬಾಗಿಲನ್ನೇ ನೋಡುತ್ತಾ ಕಲ್ಲಿನ ಹಾಗೆ ಕೂತಳು. ಚುಚ್ಚಿದ್ದೂ ಗೊತ್ತಾಗಲಿಲ್ಲ ಅವಳಿಗೆ. ಆ ಬೆಳಿಗ್ಗೆ ಕೆಲಸ ಸುಲಭವಾಯಿತು ಅನ್ನುವುದೇನೋ ನಿಜ. ಆಮೇಲೆ ಬೇಡ ಬೇಡವೆಂದರೂ ಸುಜಾತಳ ಬಾಯಲ್ಲಿ ಆ ಮಾತು ಬರುತ್ತಲೇ ಇತ್ತು, ಹುಡುಗಿ ಬಾಗಿಲು ನೋಡುತ್ತಲೇ ಇದ್ದಳು. ಬಸ್ಸಿನಲ್ಲಿ ಕೂತು ಆಸ್ಪತ್ರೆಗೆ ಹೋಗುವಾಗ ನನಗೆ ಏನೋ ಕಿರಿಕಿರಿ, ಗ್ಯಾಸ್ ಆಫ್ ಮಾಡದೆ ಬಂದವರಿಗೆ ಆಗುವಂಥದ್ದು.

ಇನ್ನು ಆ ದಿನದ ಸಂಗತಿ. ಬೇಸಿಗೆ ನಡು, ಶಾಲೆಗೆ ರಜೆ, ಅರ್ಧ ಊರು ಊರಿಗೆ ಹೋಗಿತ್ತು. ಮಧ್ಯಾಹ್ನದ ಅಲ್ ಐನ್ ರಸ್ತೆಯಲ್ಲಿ ಬೆಕ್ಕೂ ಇರುವುದಿಲ್ಲ. ನನ್ನ ಕೆಲಸ ಆಗ ರಿಕವರಿ ಕೋಣೆಯಲ್ಲಿ. ಆಪರೇಷನ್ ಮುಗಿಸಿ ತಂದವರ ಪಕ್ಕ ನಿಂತು, ಅರಿವಳಿಕೆ ಇಳಿಯುವವರೆಗೆ ಹೆಸರು ಹಿಡಿದು ಕೂಗಿ, ಕೆನ್ನೆ ತಟ್ಟಿ ಎಬ್ಬಿಸುವುದು. ಆ ದಿನ ಒಬ್ಬರು ಬೇಗ ಏಳಲಿಲ್ಲ. ಊಟವನ್ನೂ ಬಿಟ್ಟು ಅವರ ತಲೆದಿಂಬಿನ ಹತ್ತಿರವೇ ನಿಂತಿದ್ದೆ. "ಏಳಿ, ಕಣ್ಣು ತೆಗೀರಿ, ಏಳಿ" ಎಂದು ಗಂಟಲು ಒಣಗುವಷ್ಟು ಕರೆದಿದ್ದೆ. ಕೊನೆಗೆ ಎದ್ದರು. ಪಕ್ಕದಲ್ಲಿ ಇನ್ನೊಬ್ಬ ನರ್ಸ್ ಇದ್ದಳು, ಅರಿವಳಿಕೆ ಡಾಕ್ಟರು ಎರಡು ಸಲ ಬಂದು ಹೋಗಿದ್ದರು. ಇದನ್ನೆಲ್ಲ ಯಾಕೆ ಬಿಡಿಸಿ ಹೇಳುತ್ತೇನೆಂದರೆ, ಆ ಹೊತ್ತಿಗೆ ನಾನು ಅಲ್ಲಿಂದ ಕದಲಿಲ್ಲ ಎಂಬುದು ನಿಮಗೂ ಗಟ್ಟಿಯಾಗಲಿ, ನನಗೂ ಗಟ್ಟಿಯಾಗಲಿ ಎಂದು.

ಡ್ಯೂಟಿ ಮುಗಿಸಿ ಲಾಕರಿನಿಂದ ಫೋನ್ ತೆಗೆದರೆ ಸುಜಾತಳ ಕರೆಗಳು. ತಿರುಗಿ ಮಾಡಿದೆ. ಅಳುವಿನ ನಡುವೆ ಅವಳ ಮೊದಲ ಮಾತು ಇದು: "ಅಕ್ಕ, ಬೆಲ್ ಹೊಡೆದು ಎಲ್ಲಿಗೆ ಹೋದ್ರಿ? ನೀವು ಬಾರದಿದ್ರೆ ನನ್ನ ಮಗು ಇವತ್ತು ಇರ್ತಿರಲಿಲ್ಲ."

ಅವರು ಬೇರೊಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿದ್ದರು. ಬಟ್ಟೆ ಬದಲಿಸದೆ ಹಾಗೆಯೇ ಓಡಿದೆ. ಹುಡುಗಿ ಹಾಸಿಗೆಯಲ್ಲಿ ಕೂತು ಜ್ಯೂಸ್ ಕುಡಿಯುತ್ತಿದ್ದಳು, ಕೈಗೆ ಡ್ರಿಪ್. ಅವಳನ್ನು ಹಾಗೆ ಕಂಡ ಮೇಲೆಯೇ ನನಗೆ ಸರಿಯಾಗಿ ಉಸಿರು ಬಂದದ್ದು. ಸುಜಾತ ನಡೆದದ್ದನ್ನು ಹೇಳಿದಳು. ರಮೇಶನನ್ನು ಮಾಲು ತರಲು ಜೆಬೆಲ್ ಅಲಿಗೆ ಹೋಗಲು ಹೇಳಿದ್ದರಂತೆ. ಅವಸರದಲ್ಲಿ ಮನೆಗೆ ಬಂದು, ಮಗಳಿಗೆ ಇನ್ಸುಲಿನ್ ಕೊಟ್ಟು, ನಿಂತಲ್ಲೇ ಎರಡು ತುತ್ತು ಉಂಡು ಕಂಪನಿ ವ್ಯಾನ್ ಹತ್ತಿದ್ದಾನೆ. ಹುಡುಗಿ ಸ್ವಲ್ಪ ಉಂಡಳು, ಉಳಿಸಿದಳು. ತಾಯಿ ಮಗಳು ಏಸಿ ಹಾಕಿಕೊಂಡು ಮಲಗಿದರು. ಸುಜಾತಳಿಗೆ ಒಳ್ಳೆಯ ನಿದ್ರೆ. ಆಗ ಬೆಲ್ ಹೊಡೆದಿದೆ. ಒಂದು ಸಲ ಹೊಡೆದು ಬಿಟ್ಟದ್ದಲ್ಲ, ಒತ್ತಿ ಹಿಡಿದ ಹಾಗೆ. ಇವಳು ಬೈದುಕೊಂಡು ಎದ್ದು, ಕಬ್ಬಿಣದ ಬಾಗಿಲಿನ ಚಿಕ್ಕ ಕಿಂಡಿಯಿಂದ ನೋಡಿದರೆ ನಾನು. ನೀಲಿ ಡ್ರೆಸ್ಸು, ಬೆವರಿದ ಮುಖ, ಕಿಂಡಿಗೆ ತೀರಾ ಹತ್ತಿರ. "ನಿಲ್ಲಿ ಅಕ್ಕ, ಬಂದೆ" ಎಂದು ನೈಟಿಯ ಮೇಲೆ ಶಾಲು ಹೊದ್ದು ಬಾಗಿಲು ತೆರೆದರೆ ಯಾರೂ ಇಲ್ಲ, ಬಿಸಿಲು ಮಾತ್ರ. ಮೇಲೆ ಹೋದಿರಬೇಕೆಂದುಕೊಂಡು ಒಳಗೆ ತಿರುಗಿದವಳಿಗೆ ಮಗು ಕಂಡಿತು. ಹಾಸಿಗೆ ಬೆವರಿನಲ್ಲಿ ಒದ್ದೆ, ಮೈ ತಣ್ಣಗೆ, ಕರೆದರೆ ಕಣ್ಣು ತೆರೆಯುವುದಿಲ್ಲ.

ಸಕ್ಕರೆ ತೀರಾ ಇಳಿದುಹೋಗಿತ್ತು. ಹಾಗಾದರೆ ಏನು ಮಾಡಬೇಕೆಂದು ನಾನು ಹಲವು ಸಲ ಹೇಳಿಕೊಟ್ಟಿದ್ದೆ. ಜೇನು ತೆಗೆದು ವಸಡಿಗೆ ಉಜ್ಜಿದಳಂತೆ. ಆಮೇಲೆ ಕಿತ್ತಳೆ ಬಣ್ಣದ ಡಬ್ಬಿಯಲ್ಲಿಟ್ಟ, ಸಕ್ಕರೆ ಏರಿಸುವ ತುರ್ತು ಇಂಜೆಕ್ಷನ್. ಪುಡಿಗೆ ನೀರು ಬೆರೆಸಿ, ಸೂಜಿಗೆ ಎಳೆದು, ತಾನೇ ಚುಚ್ಚಿದ್ದಾಳೆ. ಸೂಜಿ ಕಂಡರೆ ನಡುಗುತ್ತಿದ್ದ ಸುಜಾತ. "ಆಗ ನಡುಗಲಿಲ್ಲ ಅಕ್ಕ. ಹೊರಗೆ ನೀವು ಇದ್ದೀರಿ ಅಂತ ಧೈರ್ಯ" ಎಂದಳು. ಗೇಟಿನ ಕಾವಲುಗಾರ ಖಾನ್ ಚಾಚಾ ಟ್ಯಾಕ್ಸಿ ಹಿಡಿದು ಕೊಟ್ಟರಂತೆ.

"ಸುಜಾತ, ನಾನು ಬಂದಿಲ್ಲ. ಡ್ಯೂಟಿಯಲ್ಲಿದ್ದೆ" ಎಂದೆ.

ಅವಳು ನನ್ನನ್ನು ನೋಡಿದಳು. ನಂಬಲಿಲ್ಲ. ನಾನು ಯಾವುದೋ ಕಾರಣಕ್ಕೆ ಮುಚ್ಚಿಡುತ್ತಿದ್ದೇನೆ ಎಂದು ಭಾವಿಸಿದ ಹಾಗಿತ್ತು.

ಅಷ್ಟರಲ್ಲಿ ಡಾಕ್ಟರು ಬಂದರು. ಅರ್ಧ ದಾರಿಯಿಂದ ತಿರುಗಿ ಬಂದಿದ್ದ ರಮೇಶನೂ ಹಿಂದೆಯೇ ಬಂದ. ಇಷ್ಟು ಇಳಿಯಬೇಕಾದರೆ ಇನ್ಸುಲಿನ್ ಹೆಚ್ಚಾಗಿರಬೇಕು, ಯಾರು ಕೊಟ್ಟದ್ದು ಎಂದು ಡಾಕ್ಟರು ಕೇಳಿದರು. ತಾನೇ, ಎಂದಿನಷ್ಟೇ ಎಂದ ರಮೇಶ. ಮತ್ತೆ ಯಾರಾದರೂ ಕೊಟ್ಟಿರಾ? ಇಲ್ಲ ಎಂದಳು ಸುಜಾತ. ಆಗ ಹುಡುಗಿ ಜ್ಯೂಸಿನ ನಳಿಕೆ ಬಾಯಿಂದ ತೆಗೆದು ಹೇಳಿದಳು:

"ಫಸ್ಟ್ ಪಪ್ಪ. ದೆನ್ ಸೂಜಿ ಆಂಟಿ."

ಎಲ್ಲರ ಕಣ್ಣು ನನ್ನ ನೀಲಿ ಡ್ರೆಸ್ಸಿನ ಮೇಲೆ. ಡಾಕ್ಟರು ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಓದಿದ್ದು ಕಂಡೆ. ನಾನಾಗಲೇ ಹೇಳಿದೆನಲ್ಲ, ದೊಡ್ಡವರಿಗೂ ಗುಮ್ಮ ಇದ್ದಾನೆಂದು, ಆ ಗಳಿಗೆಯಲ್ಲಿ ನನ್ನದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟಿತು. ಲೈಸೆನ್ಸ್, ಪೊಲೀಸು, ವಿಚಾರಣೆ, ಎಲ್ಲವೂ ಒಟ್ಟಿಗೆ. ನಾನು ಎಲ್ಲಿದ್ದೆ, ಯಾರ ಜೊತೆ ಇದ್ದೆ ಎಂದು ಹೇಳಿದೆ. ನನ್ನ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ ಎಂದೆ. ಡಾಕ್ಟರು ಒಳ್ಳೆಯವರು, ಮಕ್ಕಳು ಹೀಗೆಲ್ಲ ಹೇಳುತ್ತಾರೆ, ಸಕ್ಕರೆ ಇಳಿದಾಗ ಏನೇನೋ ಕಾಣಿಸುತ್ತದೆ ಎಂದು ಹೇಳಿ ಹೊರಟರು. ಆದರೆ ರಮೇಶ ಅಲ್ಲೇ ನಿಂತು ನೆಲ ನೋಡುತ್ತಿದ್ದ.

ನಾನು ಹುಡುಗಿಯ ಹತ್ತಿರ ಕೂತು ಕೇಳಿದೆ: "ಪುಟ್ಟಿ, ನಾನಾ ಬಂದದ್ದು?"

ಇಷ್ಟು ದೊಡ್ಡವಳಿಗೆ ಇದೂ ಗೊತ್ತಾಗುವುದಿಲ್ಲವೇ ಎಂಬಂತೆ ನೋಡಿದಳು. "ನೀವು ನರ್ಸ್ ಆಂಟಿ. ಅವರು ಸೂಜಿ ಆಂಟಿ. ಸೇಮ್ ಫೇಸ್."

"ನೋವಾಯ್ತಾ?"

"ನೋ. ಶಿ ಡಿಡ್ ಇಟ್ ಸ್ಲೋಲಿ. ಅಮ್ಮ ವಾಸ್ ಸ್ಲೀಪಿಂಗ್."

ತೊಡೆಯ ಮೇಲೆ ಒಂದು ಕಡೆ ಬೆರಳಿಟ್ಟು ತೋರಿಸಿದಳು. ರಮೇಶ ಚುಚ್ಚಿದ್ದು ತೋಳಿಗೆ. ತೊಡೆ ನೋಡಿದೆ. ಚುಕ್ಕೆ ಇತ್ತು. ಆದರೆ ದಿನಕ್ಕೆ ನಾಲ್ಕು ಸಲ ಚುಚ್ಚಿಸಿಕೊಳ್ಳುವ ಮೈಯಲ್ಲಿ ಯಾವ ಚುಕ್ಕೆ ಇವತ್ತಿನದು, ಯಾವುದು ನಿನ್ನೆಯದು? ಬೆಳಿಗ್ಗೆ ನಾನು ಕೊಟ್ಟದ್ದೂ ತೊಡೆಗೇ, ಸುಜಾತ ತುರ್ತಿಗೆ ಚುಚ್ಚಿದ್ದೂ ತೊಡೆಗೇ.

ಸಂಜೆ ಮನೆಗೆ ಬಂದಾಗ ಗೇಟಿನಲ್ಲಿ ಖಾನ್ ಚಾಚಾ ಎದ್ದು ನಿಂತರು. ಹುಡುಗಿಯ ಬಗ್ಗೆ ಕೇಳಿದರು, ದೇವರಿಗೆ ವಂದನೆ ಹೇಳಿದರು. ಆಮೇಲೆ ಹಿಂದಿಯಲ್ಲಿ, ಸ್ವಲ್ಪ ಬೇಸರದಿಂದಲೇ ಕೇಳಿದರು: "ಸಿಸ್ಟರ್ ಜೀ, ಮಧ್ಯಾಹ್ನ ನನ್ನ ಮೇಲೆ ಸಿಟ್ಟಿತ್ತೇನು? ಸಲಾಂ ಹೇಳಿದೆ, ತಿರುಗಿಯೂ ನೋಡಲಿಲ್ಲ. ಆ ಬಿಸಿಲಲ್ಲಿ ಬರಿಗಾಲಲ್ಲಿ ಹೋದಿರಿ."

ಮೆಟ್ಟಿಲು ಹತ್ತುವಾಗ ಕಾಲು ನನ್ನದಲ್ಲ ಅನಿಸಿತು. ಕನ್ನಡಿಯ ಮುಂದೆ ನಿಲ್ಲಲು ಮನಸ್ಸಾಗದೆ ಹಾಗೆಯೇ ತಲೆ ಬಾಚಿಕೊಂಡೆ. ಗಂಡನಿಗೆ ಫೋನ್ ಮಾಡಿ ಹೇಳಿದರೆ ಅವರು, "ಟ್ಯಾಕ್ಸಿ ಹಿಡಿಯುವಾಗ ಸುಜಾತ ಅವನಿಗೆ ಹೇಳಿರ್ತಾಳೆ ನೀನು ಬಂದಿದ್ದೆ ಅಂತ. ಆಮೇಲೆ ಅವನಿಗೂ ಕಂಡಿರ್ತದೆ. ನೀನು ಸರಿಯಾಗಿ ನಿದ್ರೆ ಮಾಡು" ಎಂದರು. ಒಪ್ಪತಕ್ಕ ಮಾತೇ. ಆದರೆ ಕಿಂಡಿಯಿಂದ ಸುಜಾತ ಕಂಡದ್ದು ಮುಖ, ಅಂಗಿ ಮಾತ್ರ. ಬರಿಗಾಲಿನ ವಿಷಯ ಅವಳು ಹೇಳಿರಲು ಸಾಧ್ಯವಿಲ್ಲ.

ಆ ರಾತ್ರಿ ಊಟಕ್ಕೆ ಕೂತವಳು ಅರ್ಧದಲ್ಲಿ ಎದ್ದೆ. ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ತಟ್ಟೆಯ ಅನ್ನವನ್ನು ಉಂಡೆ ಮಾಡಿ 'ಮಗು ಉಂಡಿತು, ನೀನೂ ಉಂಡು ಹೋಗು' ಎನ್ನುತ್ತಾ ಕಿಟಕಿಯ ಬಳಿ ಹೋದೆ. ಏಸಿಗಾಗಿ ಕಿಟಕಿಯ ಅಂಚಿಗೆಲ್ಲ ಟೇಪು ಅಂಟಿಸಿ ಭದ್ರಮಾಡಿದ್ದೆವು, ತೆರೆಯಲಿಲ್ಲ. ಬಾಗಿಲು ತೆಗೆದು ಮೆಟ್ಟಿಲ ಮೇಲಿಂದ ಅಂಗಳಕ್ಕೆ ಎಸೆದೆ. ಬೆಕ್ಕು ಬಂದು ಮೂಸಿ ನೋಡಿ ಹೋಯಿತು, ತಿನ್ನಲಿಲ್ಲ.

ನೀವು ಕೇಳುವ ಪ್ರಶ್ನೆಗಳನ್ನೆಲ್ಲ ನಾನೇ ಕೇಳಿಕೊಂಡಿದ್ದೇನೆ. ಅವಸರದಲ್ಲಿ ರಮೇಶ ಹೆಚ್ಚು ಕೊಟ್ಟಿರಬಹುದು. ಹುಡುಗಿ ಕಡಿಮೆ ಉಂಡದ್ದೇ ಸಾಕಾಗಿರಬಹುದು. ಅರೆನಿದ್ರೆಯ ತಾಯಿಗೆ ಬೇಕಾದ ಮುಖ ಕಂಡಿರಬಹುದು. ಒಂದೊಂದಕ್ಕೂ ಉತ್ತರ ಉಂಟು. ಎಲ್ಲವನ್ನೂ ಒಟ್ಟಿಗೆ ಇಟ್ಟರೆ ಮಾತ್ರ ಕೈಯಿಂದ ಜಾರುತ್ತದೆ. ಬಂದದ್ದು ಏನೇ ಇರಲಿ, ಚುಚ್ಚಲು ಬಂದದ್ದಾದರೆ ಬೆಲ್ ಯಾಕೆ ಹೊಡೆಯಬೇಕಿತ್ತು? ಉಳಿಸಲು ಬಂದದ್ದಾದರೆ ಚುಚ್ಚಿದ್ದು ಯಾರು? ಈ ಎರಡು ಪ್ರಶ್ನೆಗಳ ನಡುವೆ ಓಡಾಡಿ ಓಡಾಡಿ ನನಗೆ ದಾರಿ ಸವೆದಿದೆ.

ಆಮೇಲೆ ಆ ಮನೆಯಲ್ಲಿ 'ಸೂಜಿ ಆಂಟಿ' ಎಂಬ ಶಬ್ದ ನಿಂತಿತು. ಇಂಜೆಕ್ಷನ್ ಕೊಡುವುದನ್ನು ಸುಜಾತ ತಾನೇ ಕಲಿತಳು. ಈಗ ಕೈ ನಡುಗುತ್ತಿರಲಿಲ್ಲ. ನನ್ನನ್ನು ಕರೆಯುವುದು ಕಡಿಮೆಯಾಯಿತು. ಮೊದಲಿನ ಹಾಗೆಯೇ ಮಾತು, ಮೊದಲಿನ ಹಾಗೆಯೇ ಪತ್ರೊಡೆ, ಸಾರು ಕೊಟ್ಟು ಕಳಿಸುವುದು. ಆದರೆ ನಾನು ಬೆಲ್ ಹೊಡೆದರೆ ಅವಳು ಬಾಗಿಲು ತೆರೆಯಲು ತುಸು ಹೊತ್ತು ಹಿಡಿಯುತ್ತಿತ್ತು. ಕಿಂಡಿಯ ಆಚೆ ಅವಳು ನಿಂತು ನೋಡುತ್ತಿದ್ದಾಳೆಂದು ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ನಾನು ನಗುಮುಖ ಮಾಡಿ ನಿಲ್ಲುತ್ತಿದ್ದೆ.

ಮರುವರ್ಷ ಅವರು ಊರಿಗೆ ಹೊರಟರು. ಔಷಧದ ಖರ್ಚು, ಹುಡುಗಿಯ ಶಾಲೆ, ಅಲ್ಲಿಯಾದರೆ ಅಜ್ಜಿಯ ಆಸರೆ, ಹೀಗೆ ಕಾರಣ ಬೇಕಾದಷ್ಟಿದ್ದವು. ನಮ್ಮ ಕಾರಿನಲ್ಲೇ ಅಬುಧಾಬಿಯ ಏರ್‌ಪೋರ್ಟಿಗೆ ಬಿಟ್ಟೆವು. ರಮೇಶ ಮತ್ತು ನನ್ನ ಗಂಡ ಸಾಮಾನು ತೂಕ ಮಾಡಿಸಲು ಹೋದಾಗ ಸುಜಾತ ನನ್ನನ್ನು ಪಕ್ಕಕ್ಕೆ ಎಳೆದಳು. ಅನ್ವಿ ಟ್ರಾಲಿಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದಳು.

"ಅಕ್ಕ, ಇನ್ನು ನಾವು ಸಿಕ್ತೇವೋ ಇಲ್ಲವೋ. ಈಗಲಾದ್ರೂ ಹೇಳಿ. ಆ ದಿನ ಬಂದದ್ದು ನೀವೇ ಅಲ್ವಾ? ಕೆಲಸದ ಹೊತ್ತಲ್ಲಿ ಹೊರಗೆ ಬಂದದ್ದು ಗೊತ್ತಾದ್ರೆ ತೊಂದರೆ ಅಂತ ಸುಳ್ಳು ಹೇಳಿದ್ದು, ಅಲ್ವಾ? ನಾನು ಯಾರಿಗೂ ಹೇಳುದಿಲ್ಲ."

ಅವಳ ಕಣ್ಣು ನೋಡಿದೆ. ಒಂದು ವರ್ಷದಿಂದ ಆ ಹೆಂಗಸು ನೆಮ್ಮದಿಯಾಗಿ ನಿದ್ರೆ ಮಾಡಿಲ್ಲ ಎಂದು ಯಾರಿಗಾದರೂ ತಿಳಿಯುವಂತಿತ್ತು. ಬಂದದ್ದು ನಾನಲ್ಲವಾದರೆ, ಕರೆದವಳು ತಾನು ಎಂಬುದನ್ನು ಅವಳು ಹೊತ್ತುಕೊಂಡು ವಿಮಾನ ಹತ್ತಬೇಕು. ಒಂದು ಮಾತಿನಿಂದ ಅದನ್ನು ಇಳಿಸಬಹುದಿತ್ತು.

"ಹೌದು ಸುಜಾತ. ನಾನೇ ಬಂದದ್ದು" ಎಂದೆ.

ಅವಳ ಮುಖ ಸಡಿಲವಾಯಿತು. ನನ್ನ ಕೈ ಹಿಡಿದು ಒತ್ತಿದಳು. ಕಣ್ಣಲ್ಲಿ ನೀರು ಬಂತು. ಆಮೇಲೆ ಏನೋ ಹೊಳೆದವಳ ಹಾಗೆ ಕೈ ನಿಂತಿತು.

"ಹಾಗಾದ್ರೆ ಅಕ್ಕ, ಸೂಜಿ ಚುಚ್ಚಿದ್ದೂ..."

ನಾನು ಅಷ್ಟು ದೂರ ಯೋಚಿಸಿರಲಿಲ್ಲ. ಬಾಯಿ ತೆರೆದೆ, ಅಷ್ಟರಲ್ಲಿ ರಮೇಶ ಕೂಗಿದ. ಸುಜಾತ ಮೆಲ್ಲಗೆ ನನ್ನ ಕೈ ಬಿಟ್ಟು, ಮಗಳನ್ನು ಟ್ರಾಲಿಯಿಂದ ಇಳಿಸಿ ಎತ್ತಿಕೊಂಡು, ಹಿಂದೆ ತಿರುಗದೆ ಒಳಗೆ ಹೋದಳು. ಆರು ವರ್ಷದ ಹುಡುಗಿ, ಎತ್ತಿಕೊಳ್ಳುವ ವಯಸ್ಸಲ್ಲ.

ಅನ್ವಿ ಚೆನ್ನಾಗಿದ್ದಾಳೆ ಎಂದು ಬೇರೆಯವರಿಂದ ತಿಳಿಯುತ್ತದೆ. ನನಗೆ ಅದು ಸಾಕಿತ್ತು. ಆದರೆ ಆ 'ಹೌದು' ಎಂದ ದಿನದಿಂದ ನನಗೊಂದು ಶುರುವಾಗಿದೆ. ಯಾವುದೋ ಕೆಲಸದ ನಡುವೆ, ಅನ್ನ ಬಸಿಯುವಾಗ, ಬಟ್ಟೆ ಮಡಚುವಾಗ, ಸುಜಾತಳ ಬಾಗಿಲ ಮುಂದೆ ನಿಂತದ್ದು ನೆನಪಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಬೆಲ್ಲಿನ ಗುಂಡಿ ಕೆಂಡದ ಹಾಗೆ ಕಾದಿದೆ. ಬೆರಳು ಸುಡುತ್ತದೆ, ಆದರೂ ನಾನು ಒತ್ತಿಯೇ ಹಿಡಿದಿದ್ದೇನೆ. ಆ ಮನೆಯ ಬೆಲ್ಲನ್ನು ನಾನು ಮುಟ್ಟಿದ್ದೆಲ್ಲ ಬೆಳಗಾಗುವ ಹೊತ್ತಿಗೆ, ಇಲ್ಲವೇ ಕತ್ತಲಾದ ಮೇಲೆ. ಬಿಸಿಲಲ್ಲಿ ಒಂದು ಸಲವೂ ಮುಟ್ಟಿಲ್ಲ. ಅದು ಅಷ್ಟು ಬಿಸಿಯಾಗುತ್ತದೆಂದು ನನಗೆ ಗೊತ್ತಾದದ್ದು ಹೇಗೆ?